ನೀಲಿ ನಾಲಿಗೆಯ ಪಕ್ಕ

ಮೂರು ದಿನದಿಂದ ಇದೇ ಪಾಡು.
ಪರದೆಯ ಮೇಲಿನ ಬಾಣ ಅರ್ಧ ದಾರಿಗೆ ಹೋಗಿ
ಅಲ್ಲೇ ಕಲ್ಲಾಗುತ್ತದೆ.
ಅಲ್ಲಾಡಿಸುತ್ತೇನೆ, ಮೇಜಿಗೆ ಕುಟ್ಟುತ್ತೇನೆ,
ಬೆನ್ನು ತಟ್ಟಿ ಕೂಸಿನಂತೆ ತೇಗಿಸಲು ನೋಡುತ್ತೇನೆ.
ಬಾಲವಿಲ್ಲದ ಇಲಿ,
ಹಿಡಿದೆಳೆಯೋಣವೆಂದರೆ ಹಿಡಿಯಲು ಏನೂ ಇಲ್ಲ.
ಕೈಯೊಳಗೇ ಇದ್ದುಕೊಂಡು ಕೈಕೊಡುವುದು
ಇದಕ್ಕೂ ನನ್ನ ಮೊದಲ ಗಂಡನಿಗೂ ಮಾತ್ರ ಗೊತ್ತು.

ಕುತೈಸಿಯ ದಫ್ತರಖಾನೆ, ನೆಲಮಾಳಿಗೆ, ಫೆಬ್ರವರಿ.
ಹೀಟರಿನಲ್ಲಿ ಒಂದೇ ಕಂಬಿ ಕೆಂಪು.
ಮುಂದೆ ನೂರು ವರ್ಷ ದಾಟಿದ ಜನನದ ರಿಜಿಸ್ಟರು:
ನೇರಳೆ ಶಾಯಿ, ಪಾದ್ರಿಯ ಅವಸರದ ಅಕ್ಷರ.
ಒಂದೊಂದೇ ಹಾಳೆ ಸ್ಕ್ಯಾನರಿನ ಬೆಳಕಿಗೆ ಬೋರಲು ಮಲಗಿ
ಹೊಸ ಹಾರ್ಡ್‌ಡಿಸ್ಕಿಗೆ ಇಳಿಯಬೇಕು.
ದಿನಕ್ಕೆ ಇನ್ನೂರು ಎಂದು ಮೇಲಿನವರ ಆಜ್ಞೆ.
ನಿನ್ನೆ ಆದದ್ದು ನಲವತ್ತೊಂದು.

ಬ್ಯಾಟರಿ ಹೋಗಿದೆ, ಎಂದಳು ಎತೆರಿ.
ಅಂಗಡಿ ಸೇತುವೆಯಾಚೆ, ರಿಯೋನಿಯ ಮೇಲೆ ಕೊರೆಯುವ ಗಾಳಿ.
ಗೋಡೆ ಗಡಿಯಾರದ ಬೆನ್ನಿಂದ ಒಂದನ್ನು ಕಿತ್ತು ಹಾಕಿದೆ.
ಗಡಿಯಾರ ಹತ್ತೂ ಇಪ್ಪತ್ತಕ್ಕೆ ನಿಂತಿತು,
ಇಲಿ ಹತ್ತೂ ಇಪ್ಪತ್ತಾರಕ್ಕೆ.

ಜ್ವಿಯಾದ್ ಬಂದ, ಮೂರು ಕಚೇರಿಗೆ ಒಬ್ಬನೇ ರಿಪೇರಿಯವನು,
ಮೀಸೆಯಲ್ಲಿನ್ನೂ ಚೀಸ್ ರೊಟ್ಟಿಯ ಚೂರು.
ಡ್ರೈವರ್ ಕಿತ್ತ, ಮತ್ತೆ ಹಾಕಿದ.
ಕಂಪ್ಯೂಟರ್ ಆರಿಸಿದ, ಹಚ್ಚಿದ.
ಕರೆಂಟು ಉಳಿಸುವ ಯಾವುದೋ ಗುರುತನ್ನು ಹುಡುಕಿ ಅಳಿಸಿದ.
ಮೇಜಿನ ಹಸಿರು ಬಟ್ಟೆ ಎಳೆದು ಬಿಳಿ ಕಾಗದ ಹಾಸಿದ.
ಎತ್ತಿಗೆ ಜ್ವರ, ಎಮ್ಮೆಗೆ ಬರೆ.
ಅವನಿದ್ದಷ್ಟು ಹೊತ್ತೂ ಇಲಿ ಸಾಧುವಾಗಿ ಓಡಾಡಿತು,
ಡಾಕ್ಟರ ಮುಂದೆ ಹಲ್ಲುನೋವು ಮಾಯವಾದ ಹಾಗೆ.
"ನಿನ್ನ ಕೈ ತಣ್ಣಗಿದೆ, ತ್ಸಿಯಾಲಾ" ಎಂದು ಹೊರಟ.
ಬಾಗಿಲು ಮುಚ್ಚಿತು.
"ಉಳಿಸು" ಒತ್ತಿದೆ.
ಇಲಿ ಸತ್ತಿತು.

ಆಗ ಸಿಟ್ಟನ್ನು ಪಕ್ಕಕ್ಕಿಟ್ಟು ಸುಮ್ಮನೆ ನೋಡುತ್ತ ಕೂತೆ.
ಸಾಯುವುದು ಯಾವಾಗ, ಏಳುವುದು ಯಾವಾಗ,
ಹರಿದ ಲಕೋಟೆಯ ಬೆನ್ನಿಗೆ ಗೀಟು ಹಾಕಿಕೊಂಡೆ.
ಹಾಳೆ ತಿರುವುವಾಗ ಇಲ್ಲ. ಸ್ಕ್ಯಾನರ್ ಗುರುಗುಟ್ಟುವಾಗ ಇಲ್ಲ.
ಹಾರ್ಡ್‌ಡಿಸ್ಕಿನ ದೀಪ ಮಿಣಮಿಣಿಸಿ ಹಾಳೆ ನುಂಗುವಾಗ,
ಆಗ ಮಾತ್ರ. ಆಗೆಲ್ಲ.

ಐವತ್ತೆಂಟರ ಮೊಣಕಾಲೂರಿ ಮೇಜಿನಡಿ ತೆವಳಿದೆ.
ಕಂಪ್ಯೂಟರಿನ ಬೆನ್ನಲ್ಲಿ, ಧೂಳಿನಲ್ಲಿ,
ನೀಲಿ ನಾಲಿಗೆಯ ಎರಡು ಬಾಯಿ, ಒಂದರ ಮಗ್ಗುಲಿಗೊಂದು.
ಒಂದರಲ್ಲಿ ಡಿಸ್ಕಿನ ದಪ್ಪ ಕೇಬಲ್ಲು,
ಇನ್ನೊಂದರಲ್ಲಿ ಇಲಿಯ ಕಿವಿ, ಹೆಬ್ಬೆರಳ ಉಗುರಿನಷ್ಟು.
ಫೋನಿನಲ್ಲಿ ಜ್ವಿಯಾದ್ ತುಸು ಹೊತ್ತು ಮಾತಾಡಲಿಲ್ಲ.
ಆಮೇಲೆ ಹೇಳಿದ: ಹೌದು, ಡಿಸ್ಕು ಕೆಲಸ ಮಾಡುವಾಗ
ನಮಗೆ ಕೇಳದ ಗದ್ದಲ ಎಬ್ಬಿಸುತ್ತದೆ,
ಇಲಿ ಪಿಸುಗುಡುವ ಅದೇ ಶ್ರುತಿಯಲ್ಲಿ.

ಅಂದರೆ ಸಾವಿರದ ಒಂಬೈನೂರ ಹನ್ನೊಂದರಲ್ಲಿ ಹುಟ್ಟಿದವರೆಲ್ಲ
ಒಟ್ಟಿಗೆ ಒಳಗೆ ಬರುತ್ತಿದ್ದರು:
ಗಾಡಿ ಹೊಡೆಯುವವನ ಅವಳಿಗಳು,
ಹೆಸರಿಡುವ ಮೊದಲೇ ಹೋದ ಕೂಸು,
ತಂದೆಯ ಕಾಲಮ್ಮು ಖಾಲಿ ಇರುವ ಮಾರೆಖಿ.
ಅಷ್ಟು ಜನ ಬಾಗಿಲಲ್ಲಿ ನೂಕಾಡುತ್ತಿದ್ದರೆ
"ಚೂರು ಬಲಕ್ಕೆ" ಎನ್ನುವ ನನ್ನ ಬೆರಳಿನ ಮಾತು
ಯಾರಿಗೆ ಕೇಳೀತು?

ಸತ್ತ ಕ್ಯಾಮೆರಾದ ಡಬ್ಬಿಯಲ್ಲಿ ಎರಡು ಮೊಳ ವೈರು ಸಿಕ್ಕಿತು.
ಕಿವಿಯನ್ನು ಅದರ ತುದಿಗೆ ಸಿಕ್ಕಿಸಿ
ಮೇಜಿನ ಮೇಲೆ ತಂದು, ಚಹಾ ಲೋಟದ ಪಕ್ಕ ಕೂರಿಸಿದೆ.
ತಂತಿ ಇಲ್ಲದ್ದಕ್ಕೆ ಕೊನೆಗೆ ತಂತಿಯೇ ಮದ್ದು.
ಡಿಸ್ಕು ಮಿಣುಕಿತು. ಬಾಣ ಹೊರಟಿತು, ನಿಲ್ಲಲಿಲ್ಲ.
ಗುಡ್ಡ ಅಗೆದು ಇಲಿ ಹಿಡಿದೆ ಎಂದರೆ
ಎತೆರಿ ನಗಲಿಲ್ಲ, ಕೋಟು ಹಾಕಿಕೊಳ್ಳುತ್ತಿದ್ದಳು.

ಬ್ಯಾಟರಿಯನ್ನು ಗಡಿಯಾರಕ್ಕೆ ಹಿಂತಿರುಗಿಸಿದೆ.
ಹತ್ತೂ ಇಪ್ಪತ್ತರಿಂದಲೇ ಹೊರಟಿತು, ಹೊರಗೆ ದೀಪ ಹತ್ತಿದ್ದರೂ.
ಮುಳ್ಳು ತಿರುಗಿಸುವುದು ನಾಳೆಯಾದರೂ ಆದೀತು.
ಮಾರೆಖಿಯ ಹಾಳೆ ಮೊನ್ನೆ ಓರೆಯಾಗಿ ಕತ್ತರಿಸಿಹೋಗಿದೆ,
ಹೆಸರಿನ ಮೊದಲಕ್ಷರ ಅಂಚಿನಿಂದಾಚೆ.
ಕೋಟು ಬಿಚ್ಚಿ ಕೂತೆ.
ಅವಳನ್ನು ಇನ್ನೊಮ್ಮೆ ಬರೆಸಿಕೊಳ್ಳಬೇಕು.